‘ಮಕ್ಕಳು ಶಿಸ್ತಿನಿಂದ ವೀಕ್ಷಿಸಿದರು’

ಮ್ಯೂಸಿಯಂಗಳ ಅಭಿಪ್ರಾಯ ಪುಸ್ತಕದಲ್ಲಿ ಒಂದು ವಾಕ್ಯ ಖಾಯಂ ಇರುತ್ತದೆ. ಶಾಲೆಯ ಹೆಸರು ಬದಲಾಗುತ್ತದೆ, ಮುಖ್ಯ ಗುರುಗಳ ಸಹಿ ಬದಲಾಗುತ್ತದೆ, ವಾಕ್ಯ ಮಾತ್ರ ಅದೇ: ‘ಮಕ್ಕಳು ಅತ್ಯಂತ ಶಿಸ್ತಿನಿಂದ ವೀಕ್ಷಿಸಿದರು.’ ಇಪ್ಪತ್ತು ವರ್ಷದಿಂದ ಓದುತ್ತ ಬಂದಿದ್ದೇನೆ. ಮೊದಮೊದಲು ಖುಷಿಯಾಗುತ್ತಿತ್ತು. ಈಗ ಸಿಟ್ಟು ಬರುತ್ತದೆ.

ನನ್ನ ಕೆಲಸ ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುವುದು, ಅಲ್ಲಿನ ಸಿಬ್ಬಂದಿಗೆ ಮಕ್ಕಳ ಜೊತೆ ಮಾತಾಡುವುದು ಹೇಗೆಂದು ತರಬೇತಿ ಕೊಡುವುದು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸರ್ಕಾರಿ ಹಾಸ್ಟೆಲಿನ ಮಕ್ಕಳು, ತಾಂಡಾ ಶಾಲೆಯ ಮಕ್ಕಳು, ಶಹಾಬಾದ್–ವಾಡಿ ಕಡೆಯ ಕಲ್ಲಿನ ಖಣಿಯಲ್ಲಿ ದುಡಿಯುವವರ ಮಕ್ಕಳು, ಅಪ್ಪ–ಅವ್ವ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗಿ ಅಜ್ಜಿಯ ಹತ್ತಿರ ಉಳಿದವರು. ಮ್ಯೂಸಿಯಂನವರು, ಶಾಲೆಯವರು, ಬಸ್ಸಿನ ಖರ್ಚು ಕೊಡುವ ದಾನಿಗಳು, ಎಲ್ಲರೂ ಕೇಳುವುದು ಒಂದೇ. ‘ಮೇಡಂ, ಬಡ ಮಕ್ಕಳು ಬರಬೇಕಂದ್ರ ಏನ್ ಮಾಡಬೇಕ್ರಿ?’

ಮಕ್ಕಳು ಬರುತ್ತಲೇ ಇದ್ದಾರೆ. ಟಿಕೆಟ್ಟಿನ ತಂಟೆಯೂ ದೊಡ್ಡದಲ್ಲ; ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಶುಲ್ಕವೇ ಇಲ್ಲ. ಬಸ್ಸನ್ನೂ ಯಾರೋ ಒಬ್ಬರು ಕೊಡುತ್ತಾರೆ. ಬಂದ ಮಗು ಇನ್ನೊಂದು ಸಲ ತನ್ನ ಅಪ್ಪ–ಅವ್ವನ ಕೈ ಹಿಡಿದು ಯಾಕೆ ಬರುವುದಿಲ್ಲ? ಇದನ್ನು ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ.

ಒಂದೇ ಒಂದು ಮಾತು ಬಿಡಿಸಿ ಹೇಳಬೇಕು. ತರಬೇತಿಯಲ್ಲಿ ಹೇಳುತ್ತೇನೆ, ಎಲ್ಲರೂ ತಲೆ ಅಲ್ಲಾಡಿಸುತ್ತಾರೆ, ಮರುವಾರ ಮತ್ತೆ ಅದೇ. ಮಗು ಸುಮ್ಮನಿದೆ ಅಂದ ಮಾತ್ರಕ್ಕೆ ಅದು ನೋಡುತ್ತಿದೆ ಎಂದು ತಿಳಿಯಬೇಡಿ. ನಾನು ಕಂಡ ಮಟ್ಟಿಗೆ, ಹತ್ತರಲ್ಲಿ ಎಂಟು ಸಲ ಅದು ಹೆದರಿರುತ್ತದೆ.

ಹೆಸರು ಬೇಡ, ನಮ್ಮ ಭಾಗದ್ದೇ ಒಂದು ಮ್ಯೂಸಿಯಂ. ಹಾಸ್ಟೆಲಿನ ಅರವತ್ತು ಮಕ್ಕಳು ಬಸ್ಸಿನಿಂದ ಇಳಿದರು. ಮುಂಜಾನೆ ಆರಕ್ಕೆ ಹೊರಟವರು, ಹೆಣ್ಣುಮಕ್ಕಳಂತೂ ದಾರಿಯಲ್ಲಿ ಹೊರಗೆ ಹೋಗುವ ಪಜೀತಿ ಬೇಡವೆಂದು ನೀರು ಕೂಡ ಕುಡಿದಿರಲಿಲ್ಲ. ದಾನಿಗಳ ಕಡೆಯವರು ಬ್ಯಾನರ್ ಬಿಚ್ಚಿ ಮೊದಲು ಫೋಟೋ ಹೊಡೆದರು. ಬಾಗಿಲಲ್ಲಿ ಕಾವಲುಗಾರನ ಮೊದಲ ಮಾತು: ‘ಏ, ಗದ್ದಲ ಮಾಡಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ. ಒಡದ್ರ ದಂಡ ಹಾಕ್ತಾರ.’

ದಂಡ ಎಂಬ ಶಬ್ದವನ್ನು ಗಮನಿಸಿ. ಅನುಕೂಲಸ್ಥರ ಮನೆಯ ಮಗುವಿಗೆ ದಂಡ ಅಂದರೆ ಅಪ್ಪ ನೋಡಿಕೊಳ್ಳುವ ವಿಷಯ. ಈ ಮಕ್ಕಳಿಗೆ ದಂಡ ಎಂದರೆ ಎಷ್ಟು ದಿನದ ಕೂಲಿ ಎಂಬ ಲೆಕ್ಕ ಬಾಯಿಪಾಠ ಇರುತ್ತದೆ. ಒಳಗೆ ಹೋದ ಮೇಲೆ ಮಗುವಿನ ಧ್ಯಾನವೆಲ್ಲ ತನ್ನ ಮೊಣಕೈ ಯಾವುದಕ್ಕೂ ತಾಗದಂತೆ ನೋಡಿಕೊಳ್ಳುವುದರಲ್ಲೇ ಮುಗಿಯುತ್ತದೆ. ಕೈ ಹಿಂದಕ್ಕೆ ಕಟ್ಟಿಕೊಂಡು, ಕೋಣೆಯ ಸರಿಯಾಗಿ ನಟ್ಟನಡುವೆ ನಡೆಯುತ್ತದೆ. ಪೆಟ್ಟಿಗೆಯೊಳಗಿನ ನಾಣ್ಯದ ಮೇಲಿನ ಅಕ್ಷರ ಕಾಣಬೇಕಾದರೆ ಗೇಣುದ್ದದ ಹತ್ತಿರಕ್ಕೆ ಹೋಗಬೇಕು. ನಟ್ಟನಡುವೆ ನಿಂತವರಿಗೆ ಟ್ಯೂಬ್‌ಲೈಟಿನ ಬೆಳಕು ಬಿದ್ದ ಗಾಜು ಬಿಟ್ಟರೆ ಏನೂ ಕಾಣುವುದಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಅರವತ್ತೂ ಜನ ಆ ಕಡೆ ಬಾಗಿಲಿನಿಂದ ಹೊರಗೆ. ಪುಸ್ತಕದಲ್ಲಿ ಅದೇ ವಾಕ್ಯ, ಅದೇ ಶಿಸ್ತು.

ಅರ್ಧ ತಾಸಿನ ಹಿಂದೆ ಅದೇ ಕಾವಲುಗಾರ ಶುಲ್ಕದ ಶಾಲೆಯ ಮಕ್ಕಳಿಗೆ ‘ಸಾವಕಾಶ ಪುಟ್ಟಾ’ ಅಂದಿದ್ದ. ಅವರು ಓಡಾಡುತ್ತಿದ್ದರು, ಗಾಜಿಗೆ ಮುಖ ಒತ್ತುತ್ತಿದ್ದರು, ‘ಅಂಕಲ್, ಇದು ರಿಯಲ್ಲಾ?’ ಎಂದು ಅವನನ್ನೇ ಹಿಡಿದು ಕೇಳುತ್ತಿದ್ದರು. ಅವನೇನೂ ಕೆಟ್ಟವನಲ್ಲ. ಗುತ್ತಿಗೆಯ ಮೇಲಿದ್ದಾನೆ, ಏನಾದರೂ ಒಡೆದರೆ ಮೊದಲು ಹೋಗುವುದು ಅವನ ಕೆಲಸ. ಅವನ ಮಗಳು ಓದುವುದೂ ಸರ್ಕಾರಿ ಶಾಲೆಯಲ್ಲೇ. ಒಮ್ಮೆ ಕೇಳಿದೆ, ‘ಮಗಳನ್ನ ಇಲ್ಲಿಗೆ ಕರಕೊಂಡ್ ಬಂದೀಯೇನಪಾ?’ ಅವನು ನಕ್ಕ. ‘ಅಕಿ ಇಲ್ಲಿ ಬಂದು ಏನ್ ಮಾಡ್ತಾಳ್ರಿ ಮೇಡಂ?’

ಈ ಪ್ರಶ್ನೆ ಅವನ ಬಾಯಿಂದ ಬಂದರೆ ನನಗೆ ಬೇಸರವಿಲ್ಲ. ಓದಿದವರ ಬಾಯಿಂದ ಇನ್ನೊಂದು ರೂಪದಲ್ಲಿ ಬರುತ್ತದಲ್ಲ, ‘ಈ ಮಕ್ಕಳಿಗೆ ಆಸಕ್ತಿನೇ ಇಲ್ರಿ’ ಎಂದು, ಆಗ ನಾನು ಒಂದು ದಿನದ ಕಥೆ ಹೇಳುತ್ತೇನೆ. ಅದೇ ಅರವತ್ತು ಮಕ್ಕಳು, ಅದೇ ಮಾಸ್ತರು, ಅದೇ ದಿನ ಮಧ್ಯಾಹ್ನ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋದರು. 1984ರಲ್ಲಿ ಶುರುವಾದ ಕೇಂದ್ರ. ನಮ್ಮ ಕಡೆಯ ಎರಡು ತಲೆಮಾರು ಅಲ್ಲಿ ಆಡಿದೆ. ಅಲ್ಲಿ ಹಿಡಿಕೆ ಇದ್ದರೆ ಅದನ್ನು ತಿರುಗಿಸಲೆಂದೇ ಇಟ್ಟಿರುತ್ತಾರೆ. ಹತ್ತು ನಿಮಿಷದಲ್ಲಿ ಕೈ ಹಿಂದಕ್ಕೆ ಕಟ್ಟಿದ ಒಬ್ಬರೂ ಉಳಿಯಲಿಲ್ಲ. ಮುಂಜಾನೆಯಿಂದ ತುಟಿ ಬಿಚ್ಚದಿದ್ದ ಹುಡುಗಿ ‘ಏ ಬಾರಲೇ ಇಲ್ಲಿ, ನೋಡ್ ಬಾ’ ಎಂದು ಗೆಳತಿಯ ಜಡೆ ಹಿಡಿದು ಎಳೆಯುತ್ತಿದ್ದಳು. ಮಕ್ಕಳು ಬದಲಾಗಿರಲಿಲ್ಲ, ಜಾಗ ಬದಲಾಗಿತ್ತು. ಹಳೆಯ ಮೂರ್ತಿಗಿಂತ ತಿರುಗುವ ಚಕ್ರ ಮಕ್ಕಳಿಗೆ ಯಾವಾಗಲೂ ಹತ್ತಿರ, ಅದನ್ನು ಒಪ್ಪುತ್ತೇನೆ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಆದರೂ ಆಸಕ್ತಿ ಇಲ್ಲ ಎನ್ನುವವರು ಆ ಜಡೆಗೊಂದು ಉತ್ತರ ಕೊಡಲಿ.

ಹೆದರಿಕೆಯ ಮೌನ ಬೇರೆ, ಮೈಮರೆತ ಮೌನ ಬೇರೆ. ಗೊತ್ತು ಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ಹೆದರಿದ ಮಗುವಿನ ಕಣ್ಣು ಮಾಸ್ತರ ಮುಖದ ಮೇಲಿರುತ್ತದೆ. ಮೈಮರೆತ ಮಗು ಗಾಜಿನ ಮೇಲೆ ಮೂಗಿನ ಗುರುತು ಬಿಡುತ್ತದೆ. ನಾನು ಅಳೆಯುವುದು ಅದನ್ನೇ. ಹಾಜರಿ ಪುಸ್ತಕದಲ್ಲಿ ಎಷ್ಟು ತಲೆ ಎಂದು ಬರೆದಿರುತ್ತದೆ, ಅದು ಇಲಾಖೆಗೆ ಬೇಕು; ಯಾವ ಪೆಟ್ಟಿಗೆಯನ್ನು ಯಾರು ನೋಡಿದರು ಎಂಬುದು ಗೊತ್ತಿರುವುದು ಸಂಜೆ ಗಾಜು ಒರೆಸುವ ಅಕ್ಕನಿಗೆ. ಒಂದು ಸಲ ಅವಳೂ ಹೊಗಳಿದಳು. ‘ಇವತ್ತಿನ ಹಾಸ್ಟೆಲ್ ಮಕ್ಕಳು ಭಾಳ ಚೊಲೋರಿ, ಒಂದ್ ಗಾಜೂ ಹೊಲಸು ಮಾಡಿಲ್ಲ.’ ಅವಳಿಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು, ಸೊಂಟ ನೋವಿನಲ್ಲಿ ಬಗ್ಗಿ ಒರೆಸುವವಳಿಗೆ ಏನಂತ ಹೇಳುವುದು?

ಇಷ್ಟಕ್ಕೇ ‘ಹಂಗಾದ್ರ ಎಲ್ಲಾ ಮುಟ್ಟಾಕ ಬಿಡ್ರಿ ಅಂತೀರೇನು?’ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಅಂದಿಲ್ಲ. ಕೈಯ ಬೆವರಿನಲ್ಲಿ ಉಪ್ಪಿದೆ, ಜಿಡ್ಡಿದೆ. ಲೋಹ ಕಪ್ಪಿಡುತ್ತದೆ, ಕಲ್ಲು ಜಿಡ್ಡು ಹೀರಿ ಬಣ್ಣಗೆಡುತ್ತದೆ. ಮುಟ್ಟಬಾರದು ಎಂಬ ನಿಯಮ ಇರಲೇಬೇಕು. ನನ್ನ ತಕರಾರು ಅದು ಮೊದಲ ಮಾತಾಗುವುದರ ಬಗ್ಗೆ. ಮೊದಲು ಶೌಚಾಲಯದ ಬಾಗಿಲು ತೆಗೆಯಿರಿ. ನೀರು ಎಲ್ಲಿದೆ ತೋರಿಸಿ. ಬುತ್ತಿ ಎಲ್ಲಿ ಕುಳಿತು ಉಣ್ಣಬೇಕು ಹೇಳಿ; ರೊಟ್ಟಿ–ಶೇಂಗಾ ಹಿಂಡಿ ಬಿಚ್ಚಿದ ಮಕ್ಕಳನ್ನು ಹುಲ್ಲಿನ ಮೇಲಿಂದ ಎಬ್ಬಿಸಿದ್ದನ್ನು ನೋಡಿದ್ದೇನೆ. ಆಮೇಲೆ, ಒಳಗೆ ಹೋಗಿ ಒಂದು ವಸ್ತುವಿನ ಕಥೆ ಹೇಳಿದ ಮೇಲೆ, ‘ಇದು ನಿಮ್ಮ ಮಕ್ಕಳಿಗೂ ಉಳೀಬೇಕಲ್ಲ, ಅದಕ್ಕ ಮುಟ್ಟೋದು ಬ್ಯಾಡ’ ಅನ್ನಿ. ಯಾವ ಮಗುವೂ ಮುಟ್ಟುವುದಿಲ್ಲ. ಆದರೂ ಯಾರೋ ಒಬ್ಬ ಮುಟ್ಟಿಯೇ ಮುಟ್ಟುತ್ತಾನೆ, ಅವನು ಎಲ್ಲ ಶಾಲೆಯಲ್ಲೂ ಇರುತ್ತಾನೆ.

ಚಪ್ಪಲಿಯ ವಿಷಯವೂ ಇದೆ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ನೆಲೆಯಾದದ್ದು ಬಹಮನಿ ಕಾಲದ ಗುಂಬಜಗಳಲ್ಲಿ. ನಮ್ಮ ಮಕ್ಕಳಿಗೆ ಗುಂಬಜ ಅಂದರೆ ದರ್ಗಾ, ದರ್ಗಾ ಅಂದರೆ ಚಪ್ಪಲಿ ಹೊರಗೆ. ಯಾರೂ ಹೇಳದೆಯೇ ಬಿಟ್ಟು ಒಳಗೆ ಬರುತ್ತಾರೆ. ಒಳಗೆ ಮೂಗು ಮುರಿದ ಮೂರ್ತಿಗೂ ಕೈ ಮುಗಿಯುತ್ತಾರೆ. ಯಾರಾದರೂ ನಕ್ಕರೆ ಆ ದಿನ ಅಲ್ಲಿಗೆ ಮುಗಿಯಿತು, ಮುಂದೆ ಅವರ ಬಾಯಿಂದ ಒಂದು ಪ್ರಶ್ನೆಯೂ ಬರುವುದಿಲ್ಲ. ನಾನು ನನ್ನ ಚಪ್ಪಲಿಯನ್ನೂ ಅವರ ರಾಶಿಯಲ್ಲೇ ಬಿಡುತ್ತೇನೆ. ತಪ್ಪು ತಿದ್ದಬೇಕೆಂದು ನನಗೆ ಅನಿಸಿಯೇ ಇಲ್ಲ. ಹಿರಿಯರ ಗೋರಿಯ ಕಟ್ಟಡಕ್ಕೆ ಚಪ್ಪಲಿ ಬಿಟ್ಟು ಬಂದವರನ್ನು ತಿದ್ದಲು ನಾನು ಯಾರು?

ಬೀದರ್ ಕೋಟೆಯ ಮ್ಯೂಸಿಯಂ ಹಿಂದೆ ಅರಮನೆಯ ಹಮಾಮ್ ಆಗಿತ್ತು. ಅಲ್ಲಿ ನಾನು ಇತಿಹಾಸ ಶುರು ಮಾಡುವುದೇ ಇಲ್ಲ. ‘ಈಗ ನೀವೆಲ್ಲಾರು ರಾಜನ ಬಚ್ಚಲದಾಗ ನಿಂತೀರಿ’ ಅನ್ನುತ್ತೇನೆ. ಒಂದು ಗಳಿಗೆ ಯಾರೂ ನಂಬುವುದಿಲ್ಲ, ಆಮೇಲೆ ನಗೆ ಏಳುತ್ತದೆ. ‘ಬಿಸಿನೀರು ಎಲ್ಲಿಂದ ಬರ್ತಿತ್ರಿ?’ ‘ರಾಜಗ ಬೆನ್ನು ಯಾರ್ ತಿಕ್ತಿದ್ರು?’ ಅಲ್ಲಿಂದ ಬಹಮನಿಗಳು ಕಲಬುರಗಿ ಬಿಟ್ಟು ಬೀದರಿಗೆ ಬಂದ ಕಥೆಗೆ ಎರಡೇ ಹೆಜ್ಜೆ. ಮನೆಯಲ್ಲಿ ಲಂಬಾಣಿ, ದಖನಿ, ಮರಾಠಿ, ತೆಲುಗು ಆಡುವ ಮಕ್ಕಳಿಗೆ ಫಲಕದ ಮೇಲಿನ ‘ದೊರೆತ ಪ್ರಾಚ್ಯಾವಶೇಷ’ಗಳ ಕನ್ನಡ ಮತ್ತೊಂದು ಪರಭಾಷೆ, ಬಚ್ಚಲ ಎಲ್ಲರಿಗೂ ಗೊತ್ತು.

ಒಮ್ಮೆ ಬೀದರಿನಲ್ಲೇ ಬಿದರಿ ಕೆಲಸದ ಉಸ್ತಾದರೊಬ್ಬರನ್ನು ಕರೆಸಿದ್ದೆವು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿ, ಅದರ ಮೇಲೆ ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸಿದ್ದು. ಉಜ್ಜಿದ ಮೇಲೆ ಸತುವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ, ಹೂವು ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಉಸ್ತಾದರು ಕೋಟೆಯ ಹಳೆಯ ಮಣ್ಣು ತಂದಿದ್ದರು, ಬಿಸಿಲು–ಮಳೆ ತಾಗದ ಕಡೆಯ ಮಣ್ಣು. ಅದಕ್ಕೆ ನವಸಾಗರ ಎಂಬ ಉಪ್ಪು ಬೆರೆಸಿ, ಹೂದಾನಿಯನ್ನು ಬಿಸಿ ಮಾಡಿ ಅದರಿಂದ ಉಜ್ಜಿದರು. ನೋಡುನೋಡುತ್ತಿದ್ದಂತೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಯಿತು. ಬೆಳ್ಳಿಗೆ ಮಣ್ಣು ಏನೂ ಮಾಡುವುದಿಲ್ಲ, ಹೂವಿನ ಬಳ್ಳಿ ಬೆಳ್ಳಗೆ ಎದ್ದು ನಿಂತಿತು. ಎಪ್ಪತ್ತು ಮಕ್ಕಳು ಒಂದೇ ಸಲ ‘ಹೋ’ ಎಂದು ಕೂಗಿದರು. ಪಕ್ಕದ ಕೋಣೆಯಿಂದ ಒಬ್ಬ ಅಧಿಕಾರಿ ಓಡಿ ಬಂದರು, ಏನೋ ಬಿತ್ತು ಎಂದುಕೊಂಡು. ‘ಮೇಡಂ, ಇದು ಮ್ಯೂಸಿಯಂ ಅದ. ಸ್ವಲ್ಪ ಶಿಸ್ತು ಇರ್ಲಿ.’

ಆ ಕೂಗಿಗಾಗಿಯೇ ನಾನು ನಾಲ್ಕು ತಿಂಗಳು ಅರ್ಜಿ ಹಿಡಿದು ಓಡಾಡಿದ್ದೆ.

ಶಿಸ್ತಿನ ಹೆಸರಿನಲ್ಲಿ ನಾವು ಕಳೆದುಕೊಳ್ಳುವುದು ಬರೀ ಗದ್ದಲವನ್ನಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ ಕಡೆಯ ಒಂದು ಕೆತ್ತನೆಯ ಫಲಕದ ಮುಂದೆ ಗೈಡ್ ಒಬ್ಬರು ಚೆನ್ನಾಗಿಯೇ ಹೇಳುತ್ತಿದ್ದರು. ಸನ್ನತಿಯ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ, ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಎಂದು ಹೆಸರು ಕೊರೆದ ಕಲ್ಲು, 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ ಹೊರಬಂದ ಅಶೋಕನ ಶಾಸನ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಫಲಕದ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ಅದರ ಅಂಚನ್ನೇ ನೋಡುತ್ತಿದ್ದ. ಮಾಸ್ತರು ತಲೆಗೊಂದು ಮೊಟಕಿ ಸಾಲಿಗೆ ತಂದರು. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ, ‘ಏನ್ ನೋಡ್ಲಕತ್ತಿದ್ದಿ ತಮ್ಮಾ?’

‘ಅದು ನಮ್ಮ ಫರಸಿ ಕಲ್ಲೇ ಅದರಿ ಮೇಡಂ. ಬಾಜೂಕ ಪದರ ಕಾಣ್ತಾವ. ನಮ್ಮಪ್ಪ ಪದರ ನೋಡೇ ಸೀಳ್ತಾನ. ಹಂಗ ಪದರ ಇದ್ದ ಕಲ್ಲಿನಾಗ ಅಷ್ಟು ಸಣ್ಣ ಗೊಂಬಿ ಹ್ಯಾಂಗ ಕೊರದ್ರು? ಎದ್ದು ಬರಬೇಕಿತ್ತಲ್ಲ?’

ಸರಿಯಾಗಿ ಹೇಳಿದ್ದ. ಅಲ್ಲಿನ ಶಿಲ್ಪಗಳು ನಮ್ಮ ನೆಲದ ಸುಣ್ಣಕಲ್ಲಿನವೇ, ಶಹಾಬಾದ್ ಕಲ್ಲಿನ ಬಳಗ. ಅವನು ಕೇಳಿದ ಪ್ರಶ್ನೆಯನ್ನು ನಾನು ಯಾವ ಗೈಡ್ ಬಾಯಲ್ಲೂ ಕೇಳಿಲ್ಲ. ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ‘ಒಳಗ ಯಾಕ ಕೇಳಲಿಲ್ಲ?’ ಅಂದೆ. ‘ಮಾತಾಡಬ್ಯಾಡ್ರಿ ಅಂದಿದ್ರಲ್ರಿ.’

ಯಾದಗಿರಿ ಕಡೆಯ ಕುರಿಗಾಹಿ ಮಕ್ಕಳೂ ಹೀಗೆಯೇ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನವರು ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡಿದ ಜಾಗವಿದೆ. ಆ ಕೊಡಲಿಯ ಚಿತ್ರ ತೋರಿಸಿದರೆ ‘ಇಂಥವು ನಮ್ಮ ಹೊಲದಾಗ ಅದಾವ್ರಿ’ ಎಂಬ ಮಾತು ಬರುತ್ತದೆ. ಎಲ್ಲವೂ ಕೊಡಲಿಯಾಗಿರಲಿಕ್ಕಿಲ್ಲ. ಆದರೆ ಆ ಮಾತನ್ನು ತಡೆಯಬೇಡಿ. ‘ಎಲ್ಲಿ, ಯಾವ ಹೊಲ?’ ಎಂದು ಕೇಳಿ.

ಜಗತ್ತಿನ ಮ್ಯೂಸಿಯಂಗಳ ಒಕ್ಕೂಟ 2022ರಲ್ಲಿ ಪ್ರಾಗ್ ಸಭೆಯಲ್ಲಿ ಮ್ಯೂಸಿಯಂ ಎಂದರೇನು ಎಂಬುದನ್ನು ಹೊಸದಾಗಿ ಬರೆದುಕೊಂಡಿತು. ಎಲ್ಲರನ್ನೂ ಒಳಗೊಳ್ಳಬೇಕು ಎಂಬ ಮಾತು ಅದರಲ್ಲಿ ಸೇರಿತು. ಸಂತೋಷ. ಅದರದ್ದೇ ಮ್ಯೂಸಿಯಂ ದಿನ ಮೇ 18. ನಮ್ಮಲ್ಲಿ ಆಗ ಶಾಲೆಗೆ ರಜೆ, ಬಿಸಿಲು ನಲವತ್ತರ ಮೇಲೆ, ಹಾಸ್ಟೆಲಿನ ಮಕ್ಕಳು ಊರಲ್ಲಿ. ದೀಪ ಹಚ್ಚಿ, ಹಾರ ಹಾಕಿ, ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿ ಬರುತ್ತೇವೆ. ನಾನೂ ಮಾಡಿದ್ದೇನೆ.

ಹೋದ ವಾರ ಒಬ್ಬ ಹೆಡ್‌ಮಾಸ್ತರರು ಫೋನ್ ಮಾಡಿದ್ದರು. ಒಳ್ಳೆಯವರು, ಮಕ್ಕಳೆಂದರೆ ಜೀವ. ಒಂದೇ ದಿನದ ಪ್ರವಾಸದ ಪಟ್ಟಿ ಓದಿದರು: ಕೋಟೆ, ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಬುದ್ಧ ವಿಹಾರ, ಮ್ಯೂಸಿಯಂ, ವಿಜ್ಞಾನ ಕೇಂದ್ರ. ‘ಮ್ಯೂಸಿಯಂಗೆ ಇಪ್ಪತ್ತು ನಿಮಿಷ ಸಾಕಲ್ರಿ ಮೇಡಂ? ನಮ್ಮ ಮಕ್ಕಳು ಭಾಳ ಶಾಂತ ಅದಾವ.’ ನಾನು ಎರಡು ತಾಸು ಕೇಳಿದೆ, ಆರರಲ್ಲಿ ಮೂರು ಬಿಡಿ ಅಂದೆ, ಮಕ್ಕಳು ಗದ್ದಲ ಮಾಡಿದರೆ ಹೊಣೆ ನನ್ನದು ಅಂದೆ. ‘ವಿಚಾರ ಮಾಡಿ ಹೇಳ್ತೀನ್ರಿ’ ಅಂದರು. ಇನ್ನೂ ಹೇಳಿಲ್ಲ.