ಮಿದುಳಿನ ಟೇಲ್ ಎಂಡ್

ಮಳವಳ್ಳಿ ಕಡೆಯ ನಮ್ಮ ನೆಂಟರೊಬ್ಬರಿಗೆ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ ಕಿರಿದಾಗಿದೆ ಅಂತ ಗೊತ್ತಾಯಿತು. ಮನೆಯವರೆಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಪರ್ಸೆಂಟ್ ಬ್ಲಾಕು?" ನನಗೆ ಇದು ಅರ್ಧ ಪ್ರಶ್ನೆ ಅನ್ನಿಸುತ್ತದೆ. ಕೆಆರ್‌ಎಸ್ ಅಣೆಕಟ್ಟಿನಿಂದ ಬರುವ ವಿ.ಸಿ. ನಾಲೆಯ ಕೊನೇ ಭಾಗದಲ್ಲಿ, ಅಂದರೆ ಟೇಲ್ ಎಂಡಿನಲ್ಲಿ, ಗದ್ದೆ ಇರುವವರು ನಾಲೆಯ ಅಗಲ ಕೇಳುತ್ತಾರಾ? ನಮ್ಮ ತೂಬಿಗೆ ನೀರು ಬಂತಾ ಅಂತ ತಾನೇ ಕೇಳುವುದು!

ಮಿದುಳಿನ ತೂಕ ಮೈತೂಕದ ಶೇ. 2ರಷ್ಟು. ಆದರೆ ಮೈಗೆ ಬೇಕಾದ ಆಕ್ಸಿಜನ್‌ನಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಇಷ್ಟು ಬಾಯಾರಿಕೆಯ ಅಂಗಕ್ಕೆ ಒಂದು ನಾಳ ಮುಚ್ಚಿದರೆ ಕತೆ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. 1664ರಲ್ಲಿ ಥಾಮಸ್ ವಿಲ್ಲಿಸ್ ಎಂಬ ಇಂಗ್ಲೆಂಡಿನ ವೈದ್ಯ ಮಿದುಳಿನ ರಚನೆಯ ಬಗ್ಗೆ ಪುಸ್ತಕ ತಂದ. ಅದಕ್ಕೆ ಚಿತ್ರ ಬರೆದುಕೊಟ್ಟವನು ಕ್ರಿಸ್ಟೋಫರ್ ರೆನ್. ಆಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿಗೆ ನಕ್ಷೆ ಹಾಕಿದನಲ್ಲ, ಅವನೇ. ವಿಲ್ಲಿಸ್ ಕೊಯ್ದು ನೋಡಿದ ಒಂದು ಶವದಲ್ಲಿ ಒಂದು ಬದಿಯ ನಾಳ ಕಲ್ಲಿನ ಹಾಗೆ ಗಟ್ಟಿಯಾಗಿ, ಹೆಚ್ಚುಕಮ್ಮಿ ಪೂರ್ತಿ ಮುಚ್ಚಿಹೋಗಿತ್ತು. ಆದರೂ ಆತನಿಗೆ ಲಕ್ವ ಹೊಡೆದಿರಲಿಲ್ಲ. ಅದೇ ಬದಿಯಲ್ಲಿ ಹಿಂದಿನಿಂದ ಬರುವ ಇನ್ನೊಂದು ನಾಳ ದಪ್ಪಗಾಗಿ ಆ ಕೆಲಸ ವಹಿಸಿಕೊಂಡಿತ್ತು. ಮಿದುಳಿನ ಬುಡದಲ್ಲಿ ಈ ನಾಳಗಳೆಲ್ಲ ಸೇರುವ ಉಂಗುರಕ್ಕೆ ಇವತ್ತಿಗೂ ವಿಲ್ಲಿಸ್‌ನದೇ ಹೆಸರು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ದೊಡ್ಡ ನಾಳ ಕಿರಿದಾದರೆ ಅದರ ಆಚೆಗಿನ ಸಣ್ಣ ನಾಳಗಳು ತಾವಾಗಿಯೇ ಹಿಗ್ಗುತ್ತವೆ. ಬರುವ ರಕ್ತವನ್ನೆಲ್ಲ ಎಳೆದುಕೊಳ್ಳುತ್ತವೆ. ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಆದರೆ ಆ ತೂಬಿನ ಗೇಟು ಆಗಲೇ ಪೂರ್ತಿ ಮೇಲಕ್ಕೆ ಎತ್ತಿದೆ. ಸಮತಟ್ಟಿನ ರಸ್ತೆಯಲ್ಲೇ ಆಕ್ಸಿಲರೇಟರ್ ಕೊನೇವರೆಗೂ ತಿರುಗಿಸಿ ಓಡಿಸುವ ಹಳೇ ಸ್ಕೂಟರಿನ ಹಾಗೆ. ಚಾಮುಂಡಿ ಬೆಟ್ಟದ ಏರು ಬಂದರೆ ತಿರುಗಿಸಲು ಇನ್ನೇನು ಉಳಿದಿದೆ?

ಇದನ್ನು ಕಂಡುಹಿಡಿಯುವುದು ಹೇಗೆ? ರೋಗಿಗೆ ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯಿರಿ ಅನ್ನುತ್ತಾರೆ, ಇಲ್ಲವೇ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿ ಕೊಡುತ್ತಾರೆ. ರಕ್ತದಲ್ಲಿ ಆ ಅನಿಲ ಜಾಸ್ತಿಯಾದರೆ ಮಿದುಳಿನ ನಾಳಗಳು ಹಿಗ್ಗುತ್ತವೆ. ಅಂದರೆ ಎಲ್ಲ ತೂಬನ್ನೂ ಒಟ್ಟಿಗೆ ತೆರೆಯಿರಿ ಅಂತ ಆರ್ಡರ್ ಕೊಟ್ಟ ಹಾಗೆ. ಆಗ ಎಂಆರ್‌ಐ ಯಂತ್ರ ನೋಡುತ್ತಾ ಕೂರುತ್ತದೆ. ಆಕ್ಸಿಜನ್ ಇಳಿಸಿ ಬಂದ ಹಿಮೋಗ್ಲೋಬಿನ್ನಿಗೆ ಅಯಸ್ಕಾಂತದ ಸೆಳೆತ ಇರುತ್ತದೆ, ಆಕ್ಸಿಜನ್ ಹೊತ್ತಿರುವುದಕ್ಕೆ ಇರುವುದಿಲ್ಲ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು ತೋರಿಸಿದರು. 1990ರಲ್ಲಿ ಸೇಜಿ ಒಗಾವಾ ಇದನ್ನೇ ಹಿಡಿದು ಮಿದುಳಿನ ಚಿತ್ರ ತೆಗೆಯಬಹುದು ಅಂದರು. ಆ ಸೆಳೆತ ಎಂಆರ್‌ಐ ಸಿಗ್ನಲ್ಲನ್ನು ತಗ್ಗಿಸುತ್ತದೆ. ಹಾಗಾಗಿ ಆಕ್ಸಿಜನ್ ಹೊತ್ತ ಹೊಸ ರಕ್ತ ನುಗ್ಗಿದ ಕಡೆ ಸಿಗ್ನಲ್ ಏರುತ್ತದೆ. ಗೇಟು ಮೊದಲೇ ತೆರೆದಿಟ್ಟ ಕಡೆ ಏರುವುದಿಲ್ಲ.

ಕೆಲವು ಸಲ ಇಳಿಯುತ್ತದೆ ಕೂಡ! ಮೇಲ್ಭಾಗದವರೆಲ್ಲ ತೂಬು ತೆರೆದರೆ ಕೊನೇ ಭಾಗಕ್ಕೆ ಬರುತ್ತಿದ್ದ ಅಷ್ಟಿಷ್ಟು ನೀರೂ ನಿಂತುಹೋಗುತ್ತದಲ್ಲ, ಹಾಗೆ. ಡಾಕ್ಟರುಗಳು ಇದಕ್ಕೆ 'ಸ್ಟೀಲ್' ಅನ್ನುತ್ತಾರೆ. ಕಳ್ಳತನ ಅಂತಲೇ ಅರ್ಥ. ಮದ್ದೂರು, ಮಳವಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಕ್ವ ಅಂದಕೂಡಲೇ ಪಾರಿವಾಳದ ರಕ್ತ ಸವರುವವರು ಈಗಲೂ ಇದ್ದಾರೆ. ರಕ್ತ ಬೇಕಿರುವುದು ತಲೆಬುರುಡೆಯ ಒಳಗೆ ಕಣ್ರೀ, ಚರ್ಮದ ಮೇಲಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳ ಹುಡುಕುವುದರಲ್ಲೇ ಆ ಹೊತ್ತು ಕಳೆದುಹೋಗುತ್ತದೆ.

ಮುಂದೆ ಲಕ್ವ ಹೊಡೆಯುವ ಅಪಾಯ ಯಾರಿಗೆ ಜಾಸ್ತಿ ಅಂತ ಅಳೆಯಲು ಉಸಿರು ಬಿಗಿಹಿಡಿಸಿ ಮಾಡುವ ಆ ಎಂಆರ್‌ಐ ಪರೀಕ್ಷೆಯೂ ನೆರವಾಗುತ್ತದೆ. ಗೇಟು ಪೂರ್ತಿ ತೆರೆದುಕೊಂಡಿರುವವರ ಬಿಪಿಯನ್ನು ಒಂದೇ ಏಟಿಗೆ ಇಳಿಸಲು ಡಾಕ್ಟರು ಹಿಂದೆಮುಂದೆ ನೋಡುತ್ತಾರೆ. ಅವರ ಮಿದುಳಿನ ಆ ಭಾಗಕ್ಕೆ ರಕ್ತ ತಳ್ಳಲು ಉಳಿದಿರುವುದು ಆ ಒತ್ತಡವೊಂದೇ. ನಾಲೆಯಲ್ಲಿ ನೀರಿನ ಮಟ್ಟ ಇಳಿದರೆ ಮೊದಲು ಒಣಗುವುದು ಯಾರ ಗದ್ದೆ ಅಂತ ಗೊತ್ತಲ್ಲ.

ಇಷ್ಟನ್ನೂ ನೆಂಟರಿಗೆ ಹೇಳಿದೆ. "ಉಸಿರು ಕಟ್ಟೋದೇನು ಮಹಾ" ಅಂತ ಅಲ್ಲೇ ಮೂಗು ಹಿಡಿದು ಕೂತರು. ನಾನು 20 ಎಣಿಸುವಷ್ಟರಲ್ಲಿ ಕೆಮ್ಮು ಬಂತು. ಬೀಡಿ ಬಿಟ್ಟು ಇನ್ನೂ ತಿಂಗಳಾಗಿಲ್ಲ.