ಗ್ರೀಸ್ ಹಚ್ಚದ ಅಚ್ಚು: ಮಣ್ಣು ಕುಗ್ಗುವುದು ಬೇರೆ, ಬಿರಿಯುವುದು ಬೇರೆ

ಲ್ಯಾಬ್ ವೈವಾ (ಮೌಖಿಕ ಪರೀಕ್ಷೆ) ಹತ್ತಿರ ಬಂತು, ಅದಕ್ಕೇ ಈ ಟಿಪ್ಪಣಿ. ಮಣ್ಣು ಒಣಗಿದರೆ ಕುಗ್ಗುತ್ತೆ, ಕುಗ್ಗಿದರೆ ಬಿರಿಯುತ್ತೆ ಅಂತ ನಾನೂ ಒಂದೇ ಉಸಿರಲ್ಲಿ ಹೇಳುತ್ತಿದ್ದೆ. ಆದರೆ ಕುಗ್ಗಿದ್ದೆಲ್ಲ ಬಿರಿಯುವುದಿಲ್ಲ. ಅದು ಗೊತ್ತಾಗಿದ್ದು ನನ್ನದೇ ಎಡವಟ್ಟಿನಿಂದ.

ಹಾಸನದ ನಮ್ಮ ಲ್ಯಾಬಿಗೆ ಎರಡು ಮಣ್ಣು ತಂದಿದ್ದೆವು. ಅಜ್ಜಂಪುರದ ಕಡೆಯ ಎರೆಮಣ್ಣು, ಇಲ್ಲೇ ಊರಾಚೆಯ ಕೆಮ್ಮಣ್ಣು. ಮಾಡಬೇಕಿದ್ದದ್ದು ಲೀನಿಯರ್ ಶ್ರಿಂಕೇಜ್, ಅಂದರೆ ಒಣಗಿದಾಗ ಮಣ್ಣಿನ ಉದ್ದ ಶೇಕಡಾ ಎಷ್ಟು ಕುಗ್ಗುತ್ತೆ ಅನ್ನುವ ಪರೀಕ್ಷೆ; ಮಣ್ಣು ಪರೀಕ್ಷೆಯ ಭಾರತೀಯ ಮಾನಕ ಐಎಸ್ 2720ರ 20ನೇ ಭಾಗ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಮಣ್ಣಿಗೆ ಲಿಕ್ವಿಡ್ ಲಿಮಿಟ್‌ಗಿಂತ (ಮಣ್ಣು ದ್ರವದಂತೆ ಹರಿಯಲು ಶುರುವಾಗುವ ತೇವಾಂಶ) ಚೂರು ಜಾಸ್ತಿ ನೀರು ಹಾಕಿ ಕಲಸಿ, ಅಚ್ಚಿಗೆ ತುಂಬಬೇಕು. ಅಚ್ಚು 140 ಮಿ.ಮೀ. ಉದ್ದ, ಪೈಪನ್ನು ಉದ್ದಕ್ಕೆ ಸೀಳಿದ ಹಾಗಿರುತ್ತೆ. ಮೆಲ್ಲಗೆ ಕುಟ್ಟಿ ಗಾಳಿಗುಳ್ಳೆ ತೆಗೆಯಿರಿ. ಮೊದಲು ನೆರಳಲ್ಲಿ ಒಣಗಲಿ. ಮಣ್ಣು ಅಚ್ಚಿನ ಗೋಡೆ ಬಿಟ್ಟ ಮೇಲೆ ಓವನ್‌ಗೆ: ಮೊದಲು 60–65 ಡಿಗ್ರಿ, ಕುಗ್ಗುವುದು ಬಹುತೇಕ ನಿಂತ ಮೇಲೆ 105–110.

ಎರೆಮಣ್ಣಿಗೆ ಎರಡು ಅಚ್ಚು ತುಂಬಿದ್ದೆ. ಮಣ್ಣು ಅಂಟದಿರಲಿ ಅಂತ ಒಳಗೆ ಗ್ರೀಸ್ ಹಚ್ಚಬೇಕು, ಒಂದಕ್ಕೆ ಅದು ಮರೆತೇಹೋಯಿತು. ಒಣಗಿದ ಮೇಲೆ ನೋಡಿದರೆ ಗ್ರೀಸ್ ಹಚ್ಚಿದ್ದರಲ್ಲಿ ಮಣ್ಣು ಒಂದೇ ಕೋಲಾಗಿ ಅಲುಗಾಡುತ್ತಿತ್ತು. ಇನ್ನೊಂದರಲ್ಲಿ ಮೂರು ತುಂಡು! ಅದೇ ಮಣ್ಣು, ಅದೇ ನೀರು, ಅದೇ ಓವನ್.

ಕಾರಣ ಇಷ್ಟು. ನೀರು ಆರುತ್ತಾ ಹೋದಂತೆ ಕಣಗಳ ನಡುವೆ ಉಳಿದ ನೀರು ಅವನ್ನು ಹತ್ತಿರಕ್ಕೆ ಎಳೆಯುತ್ತೆ. ಎಳೆದಂತೆ ಜಾರಲು ಜಾಗ ಇದ್ದರೆ ಮಣ್ಣು ಸುಮ್ನೆ ಚಿಕ್ಕದಾಗುತ್ತೆ. ಎಲ್ಲೋ ಅಂಟಿಕೊಂಡಿದ್ದರೆ ಜಾರಲಾಗದು, ಎಳೆತ ಏರುತ್ತೆ. ಹಸಿ ಮಣ್ಣಿಗೆ ಎಳೆತ ತಡೆಯುವ ಶಕ್ತಿ ತೀರಾ ಕಮ್ಮಿ ಅಲ್ವಾ, ಕಿತ್ತುಬರುತ್ತೆ. ಅಂಟಲೇಬೇಕು ಅಂತಲೂ ಇಲ್ಲ. ಬೇಗ ಒಣಗಿಸಿದರೆ ಮೇಲ್ಪದರ ಕುಗ್ಗಲು ಹೊರಡುತ್ತೆ, ಒಳಗಿನ ಹಸಿ ಮಣ್ಣು ಬಿಡುವುದಿಲ್ಲ. ಆಗಲೂ ಬಿರುಕೇ. ನೆರಳಲ್ಲಿ ಒಣಗಿಸಿ ಅನ್ನುವುದು ಅದಕ್ಕೆ.

ಮೊದಮೊದಲು ಎಷ್ಟು ನೀರು ಹೋಯಿತೋ ಅಷ್ಟೇ ಗಾತ್ರ ಇಳಿಯುತ್ತೆ. ಆಮೇಲೆ ರಂಧ್ರಗಳಿಗೆ ಗಾಳಿ ನುಗ್ಗುತ್ತೆ, ಕುಗ್ಗುವುದು ನಿಧಾನವಾಗುತ್ತೆ. ಕೊನೆಗೆ ನೀರು ಹೋದರೂ ಗಾತ್ರ ಕದಲುವುದಿಲ್ಲ. ಆ ಘಟ್ಟದ ತೇವಾಂಶವೇ ಶ್ರಿಂಕೇಜ್ ಲಿಮಿಟ್. ಬಿರುಕು ಕೊನೆಯಲ್ಲಿ ಬೀಳುತ್ತೆ ಅಂತ ಬರೆಯಬೇಡಿ. ಸಾಮಾನ್ಯವಾಗಿ ಅದು ಶುರುವಾಗುವುದು ಮಣ್ಣು ಇನ್ನೂ ಹಸಿಯಿರುವಾಗಲೇ.

ಎರೆಮಣ್ಣೇ ಯಾಕೆ ಇಷ್ಟು ಕುಗ್ಗುತ್ತೆ? ಅದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಜಾಸ್ತಿ. ಅದರ ಒಂದು ಗ್ರಾಂಗೆ ಸುಮಾರು 800 ಚದರ ಮೀಟರ್ ಮೇಲ್ಮೈ, ಪದರಗಳ ನಡುವೆಯೂ ನೀರು ಹೊಕ್ಕುತ್ತೆ. ಕೆಮ್ಮಣ್ಣಿನಲ್ಲಿ ಹೆಚ್ಚಾಗಿ ಇರುವ ಕೆಯೊಲಿನೈಟ್ ಅನ್ನುವ ಇನ್ನೊಂದು ಜೇಡಿ ಖನಿಜಕ್ಕೆ 10–20 ಚದರ ಮೀಟರ್ ಅಷ್ಟೇ.

ಲೆಕ್ಕ ಸುಲಭ. ನನ್ನ ಒಂದೇ ಕೋಲು 119 ಮಿ.ಮೀ. ಬಂತು: 140ರಲ್ಲಿ 21 ಹೋಯಿತು, ಅಂದರೆ ಶೇ. 15. ಇನ್ನೊಂದನ್ನು ಎಸೆಯಲು ಹೊರಟಿದ್ದೆ. ಲ್ಯಾಬಿನ ಅಣ್ಣ ತಡೆದು, "ತುಂಡು ಒತ್ತಾಗಿ ಜೋಡಿಸಿ ಅಳೆಯಪ್ಪಾ" ಅಂದರು. 120 ಬಂತು. ಅಲ್ಲೂ ಮಣ್ಣು ಹೆಚ್ಚುಕಡಿಮೆ ಅಷ್ಟೇ ಕುಗ್ಗಿತ್ತು. ಆ 20 ಮಿ.ಮೀ. ತುದಿಗೆ ಹೋಗುವ ಬದಲು ನಡುವಿನ ಎರಡು ಬಿರುಕಲ್ಲಿ ಕೂತಿತ್ತು.