ಹದಿಮೂರನೆಯ ದಿನ ಕಳೆದ ಮೇಲೆ ಅಮ್ಮನ ಜೊತೆಗೆ ಯಾರು?

ಪ್ರಶ್ನೆ: ತಂದೆಯವರು ತೀರಿಕೊಂಡು ನಾಲ್ಕು ತಿಂಗಳಾಯಿತು. 68 ವರ್ಷದ ತಾಯಿ ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ, ಯಾರ ಮನೆಗೂ ಹೋಗುತ್ತಿಲ್ಲ. ಅವರನ್ನು ಬೆಂಗಳೂರಿಗೆ ಕರೆತರುವುದು ಒಳ್ಳೆಯದೇ?

ಉತ್ತರ: ಅವರಾಗಿಯೇ ಬಯಸದಿದ್ದರೆ ಈಗಲೇ ಬೇಡವೆಂದು ನನ್ನ ಅಭಿಪ್ರಾಯ. ಪಕ್ಕದ ಮನೆಯವರು, ಹಾಲಿನವರು, ಹೂವಿನವರು, ದೇವಸ್ಥಾನದಲ್ಲಿ ಸಿಗುವ ಗೆಳತಿಯರು, ಇವರೇ ಈಗ ಅವರಿಗೆ ಉಳಿದಿರುವ ಬಳಗ. ನೀವು ಕೆಲಸಕ್ಕೆ ಹೋದ ಮೇಲೆ ಫ್ಲ್ಯಾಟಿನ ಬಾಗಿಲು ಹಾಕಿಕೊಂಡು ಕೂರಬೇಕಾದರೆ ಅದೂ ತಪ್ಪಿಹೋಗುತ್ತದೆ.

ವೈಕುಂಠ ಸಮಾರಾಧನೆಯವರೆಗೆ ಮನೆ ತುಂಬ ಜನರಿರುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ನಲವತ್ತು ವರ್ಷ ಇಬ್ಬರಿಗೆ ಡಿಕಾಕ್ಷನ್ ಇಳಿಸಿದವರು ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಲೋಟ ತೆಗೆದಿಟ್ಟು, ಒಂದನ್ನು ಮತ್ತೆ ಒಳಗಿಡುತ್ತಾರೆ. ಆ ಹೊತ್ತಿಗೇ ದಿನವೂ ಐದು ನಿಮಿಷ ಫೋನ್ ಮಾಡಿ. ಮಾತ್ರೆ, ಊಟ ವಿಚಾರಿಸಿ ಇಟ್ಟುಬಿಡದೆ ತಂದೆಯವರ ಮಾತು ತೆಗೆಯಿರಿ. ಅತ್ತಾರೆಂದು ಹೆದರಿ ಎಲ್ಲರೂ ಅವರ ಹೆಸರನ್ನೇ ಎತ್ತದಿದ್ದರೆ ತಾಯಿಗೆ ಇನ್ನೂ ಸಂಕಟವಾಗುತ್ತದೆ.

ಹೊರಗೆ ಹೋಗದಿರುವುದಕ್ಕೆ ದುಃಖವೊಂದೇ ಕಾರಣವೆಂದು ತಿಳಿಯಬೇಡಿ. ಅರಿಶಿನ-ಕುಂಕುಮದ ತಟ್ಟೆ ತಮ್ಮನ್ನು ದಾಟಿ ಪಕ್ಕದವರ ಕಡೆಗೆ ಹೋದದ್ದನ್ನು ಒಮ್ಮೆ ಕಂಡವರು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲು ಹಿಂಜರಿಯುತ್ತಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಿದರು. ಹಾಗಿದ್ದೂ ಅನೇಕ ಮನೆಗಳಲ್ಲಿ ಹೆತ್ತ ತಾಯಿಯನ್ನೇ ಆರತಿಗೆ ಕರೆಯದಿರುವುದು ನನಗೆ ತುಂಬಾ ನೋವಿನ ಸಂಗತಿ. ವರ್ಷಾಬ್ದಿಕ ಮುಗಿದ ಮೇಲೆ ನಿಮ್ಮ ಮನೆಯಲ್ಲಿ ನಡೆಯುವ ಮೊದಲ ಶುಭಕಾರ್ಯದಲ್ಲಿ, ಅವರು ಒಪ್ಪಿದರೆ, ತಾಂಬೂಲವನ್ನು ಅವರ ಕೈಯಿಂದಲೇ ಕೊಡಿಸಿ. ಬಂಧುಗಳಿಗೆ ಇದನ್ನು ಮುಂಚೆಯೇ ತಿಳಿಸಿಡಿ, ಏಕೆಂದರೆ ಎಲ್ಲರೆದುರು ವಾದ ನಡೆದರೆ ನೊಂದುಕೊಳ್ಳುವವರು ಅವರೇ.

ಕುಟುಂಬ ಪಿಂಚಣಿ, ಬ್ಯಾಂಕಿನ ಕೆಲಸಗಳನ್ನು ಪೂರ್ತಿ ನೀವೇ ಮಾಡಿ ಮುಗಿಸಬೇಡಿ. ಅವರನ್ನು ಜೊತೆಗೆ ಕರೆದೊಯ್ದು ಪಾಸ್‌ಬುಕ್ ಅವರ ಕೈಗೇ ಕೊಡಿ. ಪಿಂಚಣಿ ಬರುವುದಾದರೆ ಪ್ರತಿ ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡುವುದು ಹೇಗೆಂದು ತೋರಿಸಿ. (ಹೆಂಡತಿಯನ್ನು ಕಳೆದುಕೊಂಡ ಗಂಡಸರಿಗೆ ಅಡುಗೆಮನೆಯ ವಿಷಯದಲ್ಲಿ ಇಂಥದೇ ಆಸರೆ ಬೇಕು.)

ಆರು ತಿಂಗಳು ಕಳೆದರೂ ದುಃಖ ಒಂದಿಷ್ಟೂ ತಗ್ಗದೆ ಊಟ, ನಿದ್ದೆ ಕೆಡುತ್ತಲೇ ಹೋದರೆ ವೈದ್ಯರಿಗೆ ತೋರಿಸಿ. "ನಾನಿನ್ನು ಯಾಕಿರಬೇಕು" ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ: ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಇತರ ತೊಂದರೆಗಳಿಗೆ 14567 ಇದೆ. ಎರಡೂ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು ತಾಯಿಯವರ ಫೋನಿನ ಬಳಿ ಅಂಟಿಸಿಡಿ, ಪಕ್ಕದ ಮನೆಯವರಿಗೂ ಕೊಟ್ಟಿರಿ.